ಇಬ್ರಿಗೂ ಐತಿ, ಇನ್ನೇನ್ ಹೆದರಿಕಿ: ಎಚ್‌ಐವಿ ಕಾರ್ಯಕ್ರಮ ನಡೆಸುವವರಿಗೆ ಒಂದು ಬಹಿರಂಗ ಪತ್ರ

ನ್ಯಾಕೋದ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಅಧಿಕಾರಿಗಳಿಗೆ, ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯವರಿಗೆ ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ 13 ವರ್ಷದಿಂದ ಎಚ್‌ಐವಿ ಆಪ್ತ ಸಮಾಲೋಚಕಿ. ವಿಜ್ಞಾನಿ ಅಲ್ಲ. ಬಿ.ಎಸ್ಸಿಯಲ್ಲಿ ಜೀವಶಾಸ್ತ್ರ ಓದಿದ್ದೆ, ಆಮೇಲೆ ಸಮಾಜಕಾರ್ಯ ಮಾಡಿದೆ. ಎದುರಿಗೆ ಕೂತವರು ಕೇಳುವ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಲ್ವಾ? ಅದಕ್ಕೇ ಈ ವೈರಸ್ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಹಾಗೆ ಓದಿದ್ದರಲ್ಲಿ ಒಂದು ವಿಷಯ ನಮ್ಮ ಕೇಂದ್ರಗಳವರೆಗೆ ಇನ್ನೂ ಬಂದಿಲ್ಲ ಅನಿಸಿದೆ: ಒಂದೇ ಮೈಯಲ್ಲಿ ಎರಡು ಬೇರೆ ಎಚ್‌ಐವಿ ಸೇರಿದರೆ ಅವು ಕೂಡಿ ಬೆರಕೆ ವೈರಸ್ ಹುಟ್ಟಬಹುದು. ಅದಕ್ಕೆ ಈ ಪತ್ರ.

ಕೆಲವು ತಿಂಗಳ ಹಿಂದೆ ಇಳಕಲ್ ಕಡೆಯ ಗಂಡ ಹೆಂಡತಿ ಬಂದಿದ್ದರು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಇಬ್ಬರಿಗೂ ಸೋಂಕಿದೆ. ಆಕೆ ಮನೆಯಲ್ಲೇ ಮಗ್ಗ ನಡೆಸುತ್ತಾಳೆ, ಒಂದು ದಿನವೂ ಗುಳಿಗೆ ತಪ್ಪಿಸಿಲ್ಲ. ಆಕೆಯ ವೈರಲ್ ಲೋಡ್ (ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನುವ ಲೆಕ್ಕ) ರಿಪೋರ್ಟಿನಲ್ಲಿ ವೈರಸ್ ಪತ್ತೆಯೇ ಆಗಿರಲಿಲ್ಲ. ಅವನು ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋದವನು ನಾಲ್ಕು ತಿಂಗಳು ಗುಳಿಗೆ ಬಿಟ್ಟಿದ್ದ. ಅವನ ರಿಪೋರ್ಟಿನಲ್ಲಿ 48 ಸಾವಿರ ಬಂದಿತ್ತು.

ಕಾಂಡೋಮ್ ಮಾತು ಎತ್ತಿದ ಕೂಡಲೇ ಅವನು ಹೇಳಿದ: "ಇಬ್ರಿಗೂ ಐತಲ್ರೀ ಮೇಡಂ, ಇನ್ನೇನ್ ಹೆದರಿಕಿ?"

ಈ 13 ವರ್ಷದಲ್ಲಿ ಇದಕ್ಕಿಂತ ಜಾಸ್ತಿ ಸಲ ಕೇಳಿದ ಮಾತು ಬೇರೆ ಇಲ್ಲ. ಒಂದು ಆಸ್ಪತ್ರೆಯಲ್ಲಿ (ಯಾವುದು ಅಂತ ಹೇಳಲಾರೆ) ಅವರಿಗೆ ಹಾಗೇ ಹೇಳಿ ಕಳಿಸಿದ್ದರಂತೆ. ಇಬ್ಬರಿಗೂ ಇದ್ದಮೇಲೆ ಚಿಂತೆ ಯಾಕೆ ಅಂದಿದ್ದರಂತೆ.

ನಾನು ಆಕೆಯ ಕಡೆ ತಿರುಗಿ ಕೇಳಿದೆ, "ಸೀರೆಗೆ ಸೆರಗು ಹೆಂಗ ಕೂಡಸ್ತೀರಿ?" ಆಕೆ ಕೈ ಆಡಿಸುತ್ತಾ ತೋರಿಸಿದಳು. "ಮೈ ಹಾಸು ಬ್ಯಾರೇರಿ, ಸೆರಗಿನ ಹಾಸು ಬ್ಯಾರೆ. ಎಳಿಗೆ ಎಳಿ ಕುಣಿಕಿ ಹಾಕಿ ಕೂಡಸ್ತೀವಿ. ತೋಪ್ ತೆನಿ ಅಂತೀವ್ರಿ." ಮೈ ಹತ್ತಿಯದು, ಸೆರಗು ರೇಷ್ಮೆಯದು. ನೇಯ್ದು ಮುಗಿದ ಮೇಲೆ ಅದು ಒಂದೇ ಸೀರೆ. ಉಡುವವರಿಗೆ ಕೂಡಿದ ಜಾಗ ಕಣ್ಣಿಗೂ ಬೀಳುವುದಿಲ್ಲ.

ಎಚ್‌ಐವಿ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಈ ವೈರಸ್ಸಿನ ಬರಹ (ಅದರ ವಂಶವಾಹಿ ಮಾಹಿತಿ) ಆರ್‌ಎನ್‌ಎಯಲ್ಲಿದೆ, 9 ಸಾವಿರಕ್ಕೂ ಹೆಚ್ಚು ಅಕ್ಷರ. ಒಂದೊಂದು ವೈರಸ್ ಕಣದೊಳಗೂ ಆ ಬರಹದ ಎರಡು ಪ್ರತಿ ಜೊತೆಯಾಗಿ ಇರುತ್ತವೆ. ಅದು ನಮ್ಮ ಸೆಲ್ (ಜೀವಕೋಶ) ಒಳಗೆ ಹೊಕ್ಕಾಗ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನೋ ಕಿಣ್ವ ಆರ್‌ಎನ್‌ಎಯನ್ನು ಓದುತ್ತಾ ಡಿಎನ್‌ಎ ನೇಯುತ್ತದೆ. ನೇಯುವಾಗ ಒಂದೇ ಎಳೆಯ ಮೇಲೆ ಸುಮ್ನೆ ಕೂರುವುದಿಲ್ಲ. ಈ ಎಳೆಯಿಂದ ಆ ಎಳೆಗೆ ಜಿಗಿಯುತ್ತದೆ, ಮತ್ತೆ ಈ ಕಡೆ ಬರುತ್ತದೆ. ಒಂದು ಪ್ರತಿ ಮುಗಿಸುವಷ್ಟರಲ್ಲಿ ಹೀಗೆ ಹಲವು ಸಲ ಜಿಗಿಯುತ್ತದೆ. ಎರಡೂ ಎಳೆ ಒಂದೇ ಥರ ಇದ್ದರೆ ಜಿಗಿದರೂ ಏನೂ ಆಗುವುದಿಲ್ಲ. ಬೇರೆ ಬೇರೆ ಇದ್ದರೆ? ಮೈ ಒಂದರದ್ದು, ಸೆರಗು ಇನ್ನೊಂದರದ್ದು. ಇದನ್ನೇ ಮರುಜೋಡಣೆ ಅಂತಾರೆ, ಲ್ಯಾಬಿನವರು ರಿಕಾಂಬಿನೇಷನ್ ಅಂತಾರೆ.

ಇದು ಆಗಬೇಕಾದರೆ ಒಂದೇ ಸೆಲ್ ಒಳಗೆ ಎರಡು ಬೇರೆ ವೈರಸ್ ಸೇರಬೇಕು. ಆ ಸೆಲ್‌ನಿಂದ ಹೊರಗೆ ಬರುವ ಮರಿ ವೈರಸ್ ಒಂದು ಎಳೆ ಇದರದ್ದು, ಒಂದು ಎಳೆ ಅದರದ್ದು ಕಟ್ಟಿಕೊಂಡು ಬರಬೇಕು. ಅದು ಮುಂದಿನ ಸೆಲ್‌ಗೆ ಹೊಕ್ಕಾಗ ಬೆರಕೆ ಹುಟ್ಟುತ್ತದೆ. ಅಂದರೆ ಸೋಂಕಿರುವ ಮನುಷ್ಯನಿಗೆ ಇನ್ನೊಂದು ತಳಿ ತಗುಲಿದರೆ ಇದಕ್ಕೆ ದಾರಿ ಆಯಿತು. ಸೋಂಕಿತರಿಗೆ ಮತ್ತೊಂದು ಎಚ್‌ಐವಿ ತಗುಲುತ್ತದೆ ಅನ್ನುವುದಕ್ಕೆ 2002ರಿಂದಲೇ ಗಟ್ಟಿ ದಾಖಲೆಗಳಿವೆ.

ಆಕೆ ಒಂದು ಕ್ಷಣ ಸುಮ್ಮನಿದ್ದು ಗಂಡನ ಮುಖ ನೋಡಿದಳು. ಮಗ್ಗದ ಮಾತಿನಲ್ಲಿ ಹೇಳಿದ್ದಕ್ಕೋ ಏನೋ, ಇಬ್ಬರಿಗೂ ಪೂರ್ತಿ ಅರ್ಥ ಆಗಿತ್ತು.

ಇನ್ನೊಂದು ಮಾತನ್ನೂ ಅವರಿಗೆ ಹೇಳಿದೆ. ಅದನ್ನು ಬಿಟ್ಟರೆ ಸುಮ್ನೆ ಹೆದರಿಸಿದ ಹಾಗಾಗುತ್ತದೆ. ಇಬ್ಬರೂ ತಪ್ಪದೆ ಗುಳಿಗೆ ತಗೊಂಡು ವೈರಲ್ ಲೋಡ್ ಪತ್ತೆಯಾಗದಷ್ಟು ಇಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಒಬ್ಬರ ವೈರಸ್ ಇನ್ನೊಬ್ಬರಿಗೆ ದಾಟುವುದಿಲ್ಲ. ಚಿಕಿತ್ಸೆ ಬೇಗ ಶುರು ಮಾಡಿದರೆ ಸಂಗಾತಿಗೆ ಸೋಂಕು ದಾಟುವುದು 96% ಕಡಿಮೆಯಾಗುತ್ತದೆ ಅಂತ 2011ರಲ್ಲಿ ತೋರಿಸಿದ ದೊಡ್ಡ ಅಧ್ಯಯನದಲ್ಲಿ ಚೆನ್ನೈ, ಪುಣೆಯ ದಂಪತಿಗಳೂ ಇದ್ದರು. ಆಕೆಯ ಮೈಯೊಳಗಿನ ವೈರಸ್ಸಿನ ಮಗ್ಗ ಸದ್ಯ ನಿಂತಿದೆ, ಅವನದ್ದು ಓಡುತ್ತಿದೆ. ಅವನು ಗುಳಿಗೆ ಬಿಟ್ಟು ಹಿಡಿದು ಮಾಡಿದ್ದರಿಂದ ಅವನ ಮೈಯಲ್ಲಿ ಔಷಧಿಗೆ ಬಗ್ಗದ ವೈರಸ್ ಬೆಳೆದಿದ್ದರೆ, ಆಕೆಯ ಗುಳಿಗೆ ಅದನ್ನು ತಡೆಯುತ್ತದೆ ಅನ್ನುವ ಭರವಸೆ ಇಲ್ಲ.

ಇಲ್ಲಿಂದ ನಿಮಗೆ ಹೇಳಬೇಕಾದದ್ದು ಶುರುವಾಗುತ್ತದೆ.

ತರಬೇತಿಗಳಲ್ಲಿ ನಾನು ಈ ವಿಷಯ ಎತ್ತಿದಾಗಲೆಲ್ಲ ಬಂದ ಉತ್ತರ ಒಂದೇ: "ಬೆರಕೆ ತಳಿ ಎಲ್ಲ ಆಫ್ರಿಕಾ, ಚೀನಾದ ಕಥೆ. ನಮ್ಮಲ್ಲಿ ಇರೋದು ಸಬ್‌ಟೈಪ್ ಸಿ ಒಂದೇ ಅಲ್ವಾ?" (ಎಚ್‌ಐವಿಯ ತಳಿಗಳನ್ನು ಎ, ಬಿ, ಸಿ ಅಂತ ಅಕ್ಷರಗಳಿಂದ ಗುರುತಿಸುತ್ತಾರೆ, ಅವೇ ಸಬ್‌ಟೈಪ್‌ಗಳು.) ಭಾರತದಲ್ಲಿ ಬಹುಪಾಲು ಸಿ ಅನ್ನುವುದು ನಿಜ. ಜಗತ್ತಿನ ಸೋಂಕಿನಲ್ಲೂ ಹತ್ತಿರ ಹತ್ತಿರ ಅರ್ಧ ಸಿಯೇ. ಆದರೆ ಸಿ ಅನ್ನುವುದು ಒಂದು ವೈರಸ್ ಅಲ್ಲ, ಒಂದು ದೊಡ್ಡ ಕುಟುಂಬ. ಗೋವಾದಲ್ಲಿ ಸಿಕ್ಕ ಸಿ ಬೇರೆ, ಬಾಗಲಕೋಟೆಯ ಸಿ ಬೇರೆ. ಅವೆರಡು ಕೂಡಿದರೆ ಹುಟ್ಟುವುದಕ್ಕೂ ಸಿ ಅಂತಲೇ ಹೆಸರು. ಹತ್ತಿಯ ಮೈಗೆ ಅದೇ ಬಣ್ಣದ ಹತ್ತಿಯ ಸೆರಗು ಕೂಡಿಸಿದ ಹಾಗೆ, ಕೂಡಿದ್ದು ಗೊತ್ತೇ ಆಗುವುದಿಲ್ಲ.

ಅದಕ್ಕಿಂತ ಮುಖ್ಯ ಅಂದರೆ ಸಿ ಜೊತೆ ಸಿ ಕೂಡುವುದೇ ಸುಲಭ. ಎರಡು ಎಳೆಗಳು ಜೊತೆಯಾಗುವಾಗ ಒಂದನ್ನೊಂದು ಹಿಡಿಯುವ ಒಂದು ಜಾಗ ಇದೆ, ಬರೀ 6 ಅಕ್ಷರದ್ದು. ಬಿ ಮತ್ತು ಸಿ ತಳಿಗಳಲ್ಲಿ ಆ 6 ಅಕ್ಷರ ಸಾಮಾನ್ಯವಾಗಿ ಬೇರೆ ಬೇರೆ. ಸಿ ಸಿಗಳಲ್ಲಿ ಒಂದೇ. ಹಿಡಿತ ಸರಿ ಕೂತರೆ ಜೊತೆ ಸಲೀಸು. ಹೀಗೆ ಬೇರೆ ಹೆಸರೇ ಇಲ್ಲದ ಬೆರಕೆ ನಮ್ಮಲ್ಲಿ ಕಡಿಮೆ ಅಂತ ಅಂದುಕೊಳ್ಳುವುದಕ್ಕೆ ಕಾರಣವೇ ಇಲ್ಲ.

ಹೆಸರಿಲ್ಲದ ಬೆರಕೆಯಿಂದ ಏನು ತೊಂದರೆ ಅಂತ ಕೇಳಬಹುದು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಎಆರ್‌ಟಿ (ಎಚ್‌ಐವಿ ತಡೆಯುವ ಔಷಧಿ ಚಿಕಿತ್ಸೆ) ಶುರು ಮಾಡಿದಾಗ ಕೊಡುತ್ತಿದ್ದ ಔಷಧಿಗಳಲ್ಲಿ ಲ್ಯಾಮಿವುಡಿನ್, ನೆವಿರಪಿನ್ ಇದ್ದವು. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸಿನ 103ನೇ ಜಾಗದಲ್ಲಿ ಒಂದು ಬದಲಾವಣೆ ಆದರೆ ನೆವಿರಪಿನ್ ಕೆಲಸ ಮಾಡುವುದಿಲ್ಲ. 184ನೇ ಜಾಗದಲ್ಲಿ ಒಂದು ಬದಲಾವಣೆ ಆದರೆ ಲ್ಯಾಮಿವುಡಿನ್‌ಗೆ ವೈರಸ್ ಬಗ್ಗುವುದಿಲ್ಲ. ಎರಡಕ್ಕೂ ಒಂದೊಂದೇ ಅಕ್ಷರ ತಪ್ಪಿದರೆ ಸಾಕು. ಒಂದೊಂದು ಜಾಗಕ್ಕೆ ಮೂರು ಅಕ್ಷರದ ಲೆಕ್ಕದಲ್ಲಿ ಈ ಎರಡು ಜಾಗದ ನಡುವೆ ಇರುವುದು 240 ಚಿಲ್ಲರೆ ಅಕ್ಷರ. ಗಂಡನ ವೈರಸ್ಸಿನಲ್ಲಿ ಒಂದು ತಪ್ಪು, ಹೆಂಡತಿಯ ವೈರಸ್ಸಿನಲ್ಲಿ ಇನ್ನೊಂದು ತಪ್ಪು ಇದೆ ಅಂತ ಇಟ್ಟುಕೊಳ್ಳಿ. ಒಂದೇ ವೈರಸ್ ತಾನಾಗಿ ಎರಡೂ ತಪ್ಪು ಮಾಡುವವರೆಗೆ ಕಾಯಬೇಕಿಲ್ಲ. ಆ 240 ಅಕ್ಷರದ ನಡುವೆ ಎಲ್ಲಾದರೂ ಒಂದು ಜಿಗಿತ ಬಿದ್ದರೆ ಎರಡೂ ಒಂದೇ ಕಡೆ ಬಂದವು.

ಈ ಕಿಣ್ವ ಅಕ್ಷರ ತಪ್ಪುವುದೂ ಜಾಸ್ತಿಯೇ. ಹೆಚ್ಚು ಕಡಿಮೆ ಮೂರು ಪ್ರತಿ ತೆಗೆದರೆ ಒಂದು ತಪ್ಪು ಮಾಡುತ್ತದೆ. ಜಿಗಿಯುವುದು ಅದಕ್ಕಿಂತಲೂ ಎಷ್ಟೋ ಜಾಸ್ತಿ. ಗುಳಿಗೆ ಇಲ್ಲದ ಮೈಯಲ್ಲಿ ದಿನಕ್ಕೆ ಸಾವಿರ ಕೋಟಿಯಷ್ಟು ಹೊಸ ವೈರಸ್ ಹುಟ್ಟುತ್ತವೆ. ಒಂದು ವಾರ ಗುಳಿಗೆ ಸಿಗದಿದ್ದರೆ ಏನಾಗಿಹೋಗುತ್ತದೆ ಅಂತ ಕೇಳುವವರು ಈ ಲೆಕ್ಕ ಒಮ್ಮೆ ನೋಡಬೇಕು.

ಒಂದು ವಿಷಯದಲ್ಲಿ ಮಾತ್ರ ಅವಸರದಲ್ಲಿ ಮಾತಾಡಬಾರದು. ಮರುಜೋಡಣೆ ಯಾವಾಗಲೂ ವೈರಸ್ಸಿಗೆ ಲಾಭವೇ ಅಂತ ನಾನೂ ತಿಳಿದಿದ್ದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರೇಂದ್ರ ದೀಕ್ಷಿತ್ ಮತ್ತು ಸಂಗಡಿಗರು 2008ರಲ್ಲಿ ಕಂಪ್ಯೂಟರ್‌ನಲ್ಲಿ ಇದನ್ನು ಆಡಿಸಿ ನೋಡಿದರು. ಜಿಗಿತ ಒಳ್ಳೆಯ ಜೋಡಿಗಳನ್ನು ಕೂಡಿಸುವ ಹಾಗೆ ಒಡೆದೂ ಹಾಕುತ್ತದೆ. ಮೈಯೊಳಗೆ ನಿಜವಾಗಿ ಮುಂದಿನ ಪೀಳಿಗೆಗೆ ದಾಟುವ ವೈರಸ್‌ಗಳ ಸಂಖ್ಯೆ ಚಿಕ್ಕದಿದ್ದರೆ ಮರುಜೋಡಣೆಯಿಂದ ವೈವಿಧ್ಯವೂ ಹೆಚ್ಚುತ್ತದೆ, ವೈರಸ್ಸಿನ ಕಸುವೂ ಹೆಚ್ಚುತ್ತದೆ. ಸಂಖ್ಯೆ ದೊಡ್ಡದಿದ್ದರೆ ಕಸುವು ಹೆಚ್ಚುತ್ತದೆ, ವೈವಿಧ್ಯ ಮಾತ್ರ ಕಡಿಮೆಯಾಗುತ್ತದೆ. ಇದನ್ನು ಓದಿದ ದಿನ ಒಂದು ಮಾತು ಮನಸ್ಸಿಗೆ ನಾಟಿತು. ವೈರಸ್ ಎಷ್ಟು ಬಗೆ ಇದೆ ಅಂತ ಎಣಿಸಿದರೆ ಸಾಲದು, ಯಾವ ತುಂಡು ಯಾವುದರ ಜೊತೆ ಕೂಡುತ್ತಿದೆ ಅಂತಲೂ ನೋಡಬೇಕು. ಇಂಥ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ನಮ್ಮ ತರಬೇತಿ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಕಂಡಿಲ್ಲ.

ಹೊರಗಿನ ಕಥೆಗೂ ನಮಗೂ ಸಂಬಂಧ ಇಲ್ಲ ಅನ್ನುವುದು ಕೂಡ ತಪ್ಪು. ಚೀನಾದಲ್ಲಿ ಇವತ್ತು ಜಾಸ್ತಿ ಹರಡಿರುವ ತಳಿಗಳಲ್ಲಿ ಸಿಆರ್‌ಎಫ್07 ಬಿಸಿ ಅನ್ನುವ ಬೆರಕೆ ಒಂದು. ಅದರ ಬಿ ಪಾಲು ಥಾಯ್ಲೆಂಡ್ ಕಡೆಯದು. ಸಿ ಪಾಲು ಭಾರತದ್ದು. ಹೆರಾಯಿನ್ ಸಾಗುವ ದಾರಿಯಲ್ಲಿ, ಮ್ಯಾನ್ಮಾರ್ ಯುನ್ನಾನ್ ಗಡಿಯ ಕಡೆ, ಸೂಜಿ ಹಂಚಿಕೊಂಡವರ ಮೈಯಲ್ಲಿ ಅವೆರಡೂ ಸೇರಿದವು. ಅಲ್ಲಿಂದ ಶಿನ್‌ಜಿಯಾಂಗ್‌ವರೆಗೆ ಹೋಯಿತು. ಮ್ಯಾನ್ಮಾರ್‌ಗೆ ತಾಗಿರುವ ನಮ್ಮ ಮಣಿಪುರದಲ್ಲೂ ಬಿ ಸಿ ಬೆರಕೆ ಸಿಕ್ಕಿದೆ. ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ 1990ರ ದಶಕದಲ್ಲಿ ಎ ಬಿ ಬೆರಕೆಯೊಂದು ಸೂಜಿ ಬಳಸುವವರಲ್ಲಿ ಕಾಡ್ಗಿಚ್ಚಿನ ಹಾಗೆ ಹರಡಿತು. ಕ್ಯೂಬಾದಲ್ಲಿ ಎ, ಡಿ, ಜಿ ಮೂರೂ ಸೇರಿದ ಒಂದು ತಳಿ ತಗುಲಿದವರಲ್ಲಿ ಕಾಯಿಲೆ ಬೇಗ ಬಲಿಯುತ್ತದೆ ಅಂತ 2015ರಲ್ಲಿ ವರದಿಯಾಯಿತು. ಸಬ್‌ಟೈಪ್‌ಗಳ ಪಟ್ಟಿಯಲ್ಲಿ ಇ ಮತ್ತು ಐ ಅಕ್ಷರ ಇಲ್ಲ, ಗಮನಿಸಿದ್ದೀರಾ? ಮೊದಲು ಇದ್ದವು. ಪೂರ್ತಿ ಓದಿ ನೋಡಿದಾಗ ಅವು ಬೆರಕೆ ಅಂತ ಗೊತ್ತಾಗಿ ಪಟ್ಟಿಯಿಂದ ತೆಗೆದರು. 2010ರಿಂದ 2015ರ ನಡುವಿನ ಲೆಕ್ಕ ನೋಡಿದರೆ ಜಗತ್ತಿನ ಸೋಂಕಿನಲ್ಲಿ ನೂರಕ್ಕೆ ಸುಮಾರು 23 ಬೆರಕೆ ತಳಿಗಳೇ. ಎಚ್‌ಐವಿಯ ಮೂಲವಾದ ಚಿಂಪಾಂಜಿ ವೈರಸ್ಸೇ ಎರಡು ಜಾತಿ ಮಂಗಗಳ ವೈರಸ್ ಕೂಡಿ ಹುಟ್ಟಿದ್ದು.

"ಪೂರ್ತಿ ಓದಿ ನೋಡಿದಾಗ" ಅಂದೆ. ನನ್ನ ಮೊದಲ ಬೇಡಿಕೆ ಅದೇ.

ಔಷಧ ನಿರೋಧಕತೆ ನೋಡುವಾಗ ಲ್ಯಾಬಿನಲ್ಲಿ ಸಾಮಾನ್ಯವಾಗಿ ಓದುವುದು ಪಾಲ್ ಅನ್ನೋ ಜೀನಿನ (ವೈರಸ್ಸಿನ ಕಿಣ್ವಗಳ ಬರಹ ಇರುವ ಭಾಗ) ಒಂದು ತುಂಡು. ಔಷಧಿ ಕೆಲಸ ಮಾಡುವುದು ಅಲ್ಲೇ ಆದ್ದರಿಂದ ಅದು ಸರಿಯೇ. ಆದರೆ ಆ ತುಂಡು ಸಿ ಆಗಿದ್ದರೆ ಇಡೀ ವೈರಸ್ ಸಿ ಅಂತ ಬರೆಯುವುದು ಸರಿಯಲ್ಲ. ಇದಕ್ಕೆ ಸಾಕ್ಷಿ ನಮ್ಮ ಪಕ್ಕದ ಪುಣೆಯಲ್ಲೇ ಇದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪುಣೆಯ 6 ಜನರಿಂದ ತೆಗೆದ ವೈರಸ್‌ಗಳನ್ನು ಹೆಚ್ಚು ಕಡಿಮೆ ಪೂರ್ತಿ ಓದಿದರು. ಎಲ್ಲರೂ ಆಗಷ್ಟೇ ಸೋಂಕು ತಗುಲಿದವರು. 5 ಸಿ ಬಂದವು. ಒಂದು ಎ ಮತ್ತು ಸಿ ಬೆರಕೆ. ಕೂಡಿಸಿದ ಜಾಗಗಳು ಇದ್ದದ್ದು ಎನ್ವ್, ನೆಫ್ ಅನ್ನುವ ಬೇರೆ ಜೀನ್‌ಗಳಲ್ಲಿ ಮತ್ತು ಬರಹದ ಕೊನೆಯ ತುದಿಯಲ್ಲಿ. ಪಾಲ್ ತುಂಡು ಒಂದನ್ನೇ ಓದಿದ್ದರೆ ಅದೂ ಸಾದಾ ಸಿ ಪಟ್ಟಿಗೆ ಸೇರಿಹೋಗುತ್ತಿತ್ತು. ಕೂಡಿಸಿದ ಜಾಗ ಗ್ರಾಫಿನಲ್ಲಿ ಎದ್ದು ಕಾಣುವ ಹಾಗೆ ತೋರಿಸುವ ಸಿಮ್‌ಪ್ಲಾಟ್ ಅನ್ನೋ ಸಾಫ್ಟ್‌ವೇರ್ ಇದೆ. ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ, ಎಷ್ಟೋ ಬೇರೆ ವೈರಸ್‌ಗಳಿಗೂ ಅದನ್ನು ಬಳಸುತ್ತಾರೆ. ಅದು ಬಂದದ್ದು ಇದೇ ಪುಣೆಯ ವೈರಸ್‌ಗಳ ಅಧ್ಯಯನದ ಜೊತೆ. ಇದು ನನಗೆ ಹೆಮ್ಮೆಯ ವಿಷಯ. 1999ರಲ್ಲಿ ಆಗಿದ್ದು ಇವತ್ತು ಆಗುವುದಿಲ್ಲವಾ? ಕೋವಿಡ್ ಬಂದಾಗ ಸಾವಿರಾರು ಮಾದರಿಗಳ ಇಡೀ ಜೀನೋಮ್ ಓದಿದ್ದನ್ನು ನಾವೇ ನೋಡಿದ್ದೇವೆ. ಆ ಯಂತ್ರಗಳು, ಕಲಿತ ಹುಡುಗ ಹುಡುಗಿಯರು ಇಲ್ಲೇ ಇದ್ದಾರೆ.

ಆದ್ದರಿಂದ ಕೇಳುತ್ತಿದ್ದೇನೆ: ಪ್ರತಿ ವರ್ಷ ಹೊಸದಾಗಿ ಸೋಂಕು ಪತ್ತೆಯಾದವರಲ್ಲಿ ಒಂದು ಪಾಲು ಜನರ ವೈರಸ್ಸನ್ನು, ಅವರ ಒಪ್ಪಿಗೆ ಪಡೆದು, ತುದಿಯಿಂದ ತುದಿಗೆ ಓದಿಸಿ. ಬಾಗಲಕೋಟೆ, ಬೆಳಗಾವಿ, ವಿಜಯಪುರದಂಥ ಜಿಲ್ಲೆಗಳನ್ನು ಬಿಡಬೇಡಿ. 2003ರ ಸಮೀಕ್ಷೆಯಲ್ಲಿ ನಮ್ಮ ಜಿಲ್ಲೆಯ ಸಾಮಾನ್ಯ ಜನರಲ್ಲೇ ನೂರಕ್ಕೆ ಸುಮಾರು 3 ಜನರಿಗೆ ಸೋಂಕಿತ್ತು. ಇಲ್ಲಿಯವರು ದುಡಿಯಲು ಗೋವಾ, ಮಹಾರಾಷ್ಟ್ರಕ್ಕೆ ಹೋಗಿ ಬರುತ್ತಾರೆ. ಬೇರೆ ಬೇರೆ ಊರಿನ ವೈರಸ್ ಒಂದೇ ಮೈಯಲ್ಲಿ ಸೇರುವುದಾದರೆ ಇಂಥ ಕಡೆಯೇ. ಓದಿದ್ದನ್ನು ಕಪಾಟಿನಲ್ಲಿ ಇಡಬೇಡಿ, ವರ್ಷಕ್ಕೊಮ್ಮೆ ಪ್ರಕಟಿಸಿ. ನೋಡಿದರೆ ತಾನೇ ಕಾಣುವುದು? ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ ನೋಡಿದ್ದಕ್ಕೇ ಸಿ ತಳಿಯಲ್ಲೇ ವೈರಸ್ಸಿನ ಜೀನ್‌ಗಳನ್ನು ಚಾಲೂ ಮಾಡುವ ಒಂದು ಹೆಚ್ಚಿನ ಸ್ವಿಚ್ ಕೂಡಿಸಿಕೊಂಡ ವೈರಸ್‌ಗಳು ಇಲ್ಲಿ ಹೆಚ್ಚುತ್ತಿವೆ ಅಂತ 2012ರಲ್ಲಿ ಗೊತ್ತಾದದ್ದು.

ಎರಡನೆಯದು ನನ್ನ ಟೇಬಲ್ಲಿಗೆ ಇನ್ನೂ ಹತ್ತಿರದ್ದು. ವೈರಲ್ ಲೋಡ್ 1000 ದಾಟಿದರೆ ನಾವು ಆ ವ್ಯಕ್ತಿಯನ್ನು ಕೂರಿಸಿಕೊಂಡು ಮೂರು ತಿಂಗಳು ಸಮಾಲೋಚನೆ ಮಾಡುತ್ತೇವೆ, ಗುಳಿಗೆ ಯಾಕೆ ತಪ್ಪುತ್ತಿದೆ ಅಂತ ಕೇಳುತ್ತೇವೆ, ಮತ್ತೆ ರಕ್ತ ಕಳಿಸುತ್ತೇವೆ. ಎಷ್ಟೋ ಜನ "ನಾನು ತಪ್ಪಿಸಿಲ್ಲರೀ" ಅಂತ ಕಣ್ಣೀರು ಹಾಕುತ್ತಾರೆ. ನಾವು ನಂಬುವುದಿಲ್ಲ. ಅವರಲ್ಲಿ ಕೆಲವರಿಗಾದರೂ ಬಂದಿದ್ದೇ ಬಗ್ಗದ ವೈರಸ್ ಇರಬಹುದು, ಎರಡು ಕಡೆಯ ತಪ್ಪು ಕೂಡಿಸಿಕೊಂಡದ್ದೂ ಇರಬಹುದು. ಈಗಿನ ಡೊಲುಟೆಗ್ರಾವಿರ್ ಗುಳಿಗೆ ಗಟ್ಟಿ, ಅದಕ್ಕೆ ವೈರಸ್ ಸುಲಭಕ್ಕೆ ಒಗ್ಗುವುದಿಲ್ಲ, ಒಪ್ಪುತ್ತೇನೆ. ಆ ಗುಳಿಗೆಯನ್ನು ಕಾಪಾಡಿಕೊಳ್ಳಬೇಕು ಅನ್ನುವುದಕ್ಕೇ ಕೇಳುತ್ತಿದ್ದೇನೆ. ಎರಡನೇ ಸಲವೂ ಲೋಡ್ ಇಳಿಯದವರಿಗೆ ನಿರೋಧಕತೆ ಪರೀಕ್ಷೆ ಜಿಲ್ಲೆಯಿಂದಲೇ ಸಲೀಸಾಗಿ ಸಿಗುವ ಹಾಗೆ ಮಾಡಿ. ಇಂಟಿಗ್ರೇಸ್ ಅನ್ನೋ ಇನ್ನೊಂದು ಕಿಣ್ವದ ಭಾಗವನ್ನೂ ಸೇರಿಸಿ ಓದಿಸಿ, ಡೊಲುಟೆಗ್ರಾವಿರ್ ಕೆಲಸ ಮಾಡುವುದು ಅಲ್ಲೇ.

ಮೂರನೆಯದು ಗುಳಿಗೆ ದಾಸ್ತಾನು ಖಾಲಿಯಾಗದ ಹಾಗೆ ನೋಡಿಕೊಳ್ಳುವ ಮಾತು. 2022ರಲ್ಲಿ ಔಷಧಿ ಸಿಗದೆ ಸೋಂಕಿತರು ದೆಹಲಿಯಲ್ಲಿ ವಾರಗಟ್ಟಲೆ ಧರಣಿ ಕೂತದ್ದು ನಿಮಗೆ ನೆನಪಿರುತ್ತದೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದು ಕೇಂದ್ರದಲ್ಲಿ 30 ದಿನದ ಬದಲು 7 ದಿನದ ಗುಳಿಗೆ ಎಣಿಸಿ ಕಾಗದದಲ್ಲಿ ಕಟ್ಟಿ ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಇಸಕೊಂಡ ಅಜ್ಜಿ 40 ಕಿಲೋಮೀಟರ್ ದೂರದಿಂದ ಬಂದವರು. ಮುಂದಿನ ವಾರ ಬರಲಿಲ್ಲ.

ಕೊನೆಯದಾಗಿ ಒಂದು ಎಚ್ಚರ. ವೈರಸ್ ಓದಿಸಿ ಅಂತ ನಾನೇ ಕೇಳುತ್ತಿರುವುದರಿಂದ ಇದನ್ನೂ ನಾನೇ ಹೇಳಬೇಕು. ನಮ್ಮ ಕೋಣೆಗೆ ಬರುವ ಮನೆಯವರ ಮೊದಲ ಮಾತು "ಇದು ಯಾರಿಂದ ಬಂತು?" ವೈರಸ್ಸಿನ ಬರಹ ಕೈಗೆ ಸಿಕ್ಕಿದರೆ ಅದನ್ನೇ ಸಾಕ್ಷಿ ಮಾಡಿಕೊಂಡು ಗಂಡನ ಮೇಲೆ ಹೆಂಡತಿ, ಸೊಸೆಯ ಮೇಲೆ ಅತ್ತೆ ಬೆರಳು ತೋರಿಸುವ ದಿನ ಬರಬಾರದು. ಬೆರಕೆ ವೈರಸ್ಸಿನ ಒಂದು ತುಂಡಿನಿಂದ ವಂಶವೃಕ್ಷ ಬರೆದರೆ ಒಬ್ಬರನ್ನು ತೋರಿಸುತ್ತದೆ, ಇನ್ನೊಂದು ತುಂಡಿನಿಂದ ಬರೆದರೆ ಬೇರೆಯವರನ್ನು ತೋರಿಸುತ್ತದೆ. ಅದರಿಂದ ಯಾರಿಂದ ಯಾರಿಗೆ ಅಂತ ತೀರ್ಮಾನ ಮಾಡುವುದು ಅನ್ಯಾಯ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಏಡ್ಸ್ ಕಾಯ್ದೆ ಒಪ್ಪಿಗೆ, ಗುಟ್ಟು ಎರಡನ್ನೂ ಕಾಯುತ್ತದೆ. ವೈರಸ್ಸಿನ ಬರಹಕ್ಕೂ ಅದೇ ಕಾವಲು ಇರಲಿ. ಹೆಸರು, ಊರು, ನೋಂದಣಿ ಸಂಖ್ಯೆ ಯಾವುದೂ ಅದರ ಜೊತೆ ಹೋಗಬಾರದು.

ಇಷ್ಟೆಲ್ಲ ಆಗಲು ಸಮಯ ಬೇಕು ಅಂತ ಗೊತ್ತು. ಅಲ್ಲಿಯವರೆಗೆ ಒಂದು ಪುಟ ಸಾಕು. ಎರಡು ಎಳೆ, ನಡುವೆ ಜಿಗಿಯುವ ಕಿಣ್ವ, ಕೂಡಿ ಬಂದ ಮೂರನೆಯ ಎಳೆ, ಕೆಳಗೆ ನಾಲ್ಕು ಸಾಲು ಕನ್ನಡ. ಪ್ರತಿ ಐಸಿಟಿಸಿ (ಎಚ್‌ಐವಿ ಪರೀಕ್ಷೆ, ಸಮಾಲೋಚನೆಯ ಕೇಂದ್ರ), ಪ್ರತಿ ಎಆರ್‌ಟಿ ಕೇಂದ್ರದ ಗೋಡೆಗೆ ಒಂದು. ಬರೆದುಕೊಡಲು ನಾನು ತಯಾರು.

ಆ ದಿನ ಹೋಗುವ ಮುಂಚೆ ಇಳಕಲ್‌ನ ಆ ಹೆಣ್ಣುಮಗಳು ಬಾಗಿಲ ಹತ್ತಿರ ನಿಂತು ಕೇಳಿದಳು, "ನಮ್ ಮೈಯಾಗ ಇರೋದು ಯಾವ ಸೀರಿ ಅಂತ ನೋಡಾಕ ಬರ್ತೈತೇನ್ರಿ?" ಕೇಳಿ ಹೇಳುತ್ತೇನೆ ಅಂದೆ. ಅವನು ಈಗ ಗುಳಿಗೆ ಸರಿಯಾಗಿ ತಗೊಳ್ಳುತ್ತಿದ್ದಾನೆ, ಎರಡನೇ ವೈರಲ್ ಲೋಡ್‌ಗೆ ರಕ್ತ ಕೊಟ್ಟಾಗಿದೆ. ಮುಂದಿನ ತಿಂಗಳ 14ಕ್ಕೆ ಇಬ್ಬರೂ ಬರುತ್ತಾರೆ. ಆಕೆಗೆ ಏನು ಹೇಳಲಿ ಅಂತ ಅಷ್ಟರೊಳಗೆ ದಯವಿಟ್ಟು ತಿಳಿಸಿ.

ಇಂತಿ,
ಬಾಗಲಕೋಟೆ ಜಿಲ್ಲೆಯ ಒಬ್ಬ ಆಪ್ತ ಸಮಾಲೋಚಕಿ